ಸೀಟಿನ ಕೆಳಗೆ ಹಸಿರು ಚೂರು

ಮೂರು ಗಂಟೆಯವರೆಗೆ ಫೋನಿನ ಕಡೆ ನೋಡುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡು ಮನೆ ಬಿಟ್ಟ ಸುಧಾಮಣಿ, ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಮುಂದಿನ ಸ್ಟೇಷನ್ ಬರುವಷ್ಟರಲ್ಲೇ ಎರಡು ಸಲ ಅದನ್ನು ತೆಗೆದು ನೋಡಿದ್ದಳು. ಇಂಗ್ಲೆಂಡಿನಲ್ಲಿ ಜನ ಇನ್ನೂ ಹಾಸಿಗೆ ಬಿಟ್ಟಿರಲಾರರು. ಮ್ಯೂಸಿಯಂ ಬಾಗಿಲು ತೆಗೆದ ಮೇಲೆ ತಾನೇ ಕರೆ ಮಾಡುತ್ತೇನೆ, ನಿಮಗೆ ಆಗ ಮಧ್ಯಾಹ್ನ ಮೂರಾಗಿರುತ್ತದೆ ಎಂದು ಶ್ವೇತಾ ಬಿಡಿಸಿ ಹೇಳಿದ್ದಳು. ಎಪ್ಪತ್ತು ದಾಟಿದ ಮೇಲೆ ಕಾಲೇಜು ಹುಡುಗಿಯರ ಚಟ ಹತ್ತಿತಲ್ಲ ಎಂದು ಸುಧಾಮಣಿಗೆ ತನ್ನ ಮೇಲೆ ತನಗೇ ನಗು ಬಂತು. ತೊಡೆಯ ಮೇಲಿನ ಚೀಲದಲ್ಲಿ ಮೈತ್ರಿಗೆ ಕೊಡಬೇಕಾದ ಸೀರೆ, ಒಂದು ಡಜನ್ ಏಲಕ್ಕಿ ಬಾಳೆಹಣ್ಣು, ಅವುಗಳ ಅಡಿಯಲ್ಲಿ ಹಳೇ ಟವಲಿನಲ್ಲಿ ಸುತ್ತಿದ ಒಂದು ಅಲ್ಯೂಮಿನಿಯಂ ತಗಡು. ತಗಡಿನ ಮೇಲೆ ಗಂಡ ದೇವರಾಜ್ ಐವತ್ತು ವರ್ಷಗಳ ಹಿಂದೆ ಅಂಟಿಸಿದ ಹಸಿರು ಗಾಜಿನ ಬಳೆ. ಬಳೆ ಎನ್ನುವುದಕ್ಕಿಂತ ಬಳೆಯ ಚೂರುಗಳು. ಒಂದರ ಪಕ್ಕ ಒಂದಿಟ್ಟು ದುಂಡಗೆ ಕೂಡಿಸಿದವು. ದುಂಡು ಪೂರ್ತಿಯಾಗಿಲ್ಲ. ಒಂದು ಕಡೆ ಕಿರುಬೆರಳಿನ ಉಗುರಿನಷ್ಟು ಜಾಗ ಖಾಲಿ ಇದೆ. ಆ ಉಗುರಿನಷ್ಟು ಗಾಜು ಈಗ ಇಂಗ್ಲೆಂಡಿನಲ್ಲಿ ಒಂದು ಹಳೇ ಯುದ್ಧವಿಮಾನದ ಸೀಟಿನ ಕೆಳಗೆ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲ ಎಂದು ಗೊತ್ತಾದರೆ ಇವತ್ತು ರಾತ್ರಿ ಹೇಗೆ ಮಲಗುವುದು ಎಂಬುದು ಅವಳಿಗೆ ತಿಳಿದಿರಲಿಲ್ಲ. ಇದೆ ಎಂದು ಗೊತ್ತಾದರೆ ಹೇಗೆ ಮಲಗುವುದು ಎಂಬುದೂ ತಿಳಿದಿರಲಿಲ್ಲ.

ಶ್ವೇತಾ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಗದಗಿನ ಹುಡುಗಿ. ಆಫೀಸಿನವರು ಒಂದು ತಿಂಗಳ ಕೆಲಸಕ್ಕೆಂದು ಇಂಗ್ಲೆಂಡಿಗೆ ಕಳಿಸಿದಾಗ ದಪ್ಪ ಸ್ವೆಟರ್ ಕೇಳಿಕೊಂಡು ಕೆಳಗೆ ಬಂದವಳು, ಸುಧಾಮಣಿ ಬೀರು ತೆಗೆದ ಕೂಡಲೇ ಬಾಗಿಲಿನ ಒಳಮೈ ನೋಡಿ ನಿಂತುಬಿಟ್ಟಳು. ಅಲ್ಲಿ ದೇವರಾಜ್ ಕಪ್ಪು ಪೇಂಟಿನಲ್ಲಿ ಒಂದು ನಂಬರು ಬರೆದಿದ್ದರು. "ಅಜ್ಜಿ, ಇದೇನ್ರಿ, ನಿಮ್ಮ ಗಾಡಿ ನಂಬರ್ ಏನು?" ಎಂದಳು. "ಗಾಡೀನೇ ಕಣಮ್ಮ. ಹಾರೋ ಗಾಡಿ," ಎಂದಳು ಸುಧಾಮಣಿ. ಆ ಹುಡುಗಿ ಸುಮ್ಮನಿರಬೇಕಲ್ಲ, ಫೋನಿನಲ್ಲಿ ಆ ನಂಬರನ್ನು ಒತ್ತಿದಳು. ಸ್ವಲ್ಪ ಹುಡುಕಾಡಿದ ಮೇಲೆ ಒಂದು ಫೋಟೋ ಬಂತು. ತಗಡಿನ ಸೂರಿನ ಕೆಳಗೆ, ಹಗ್ಗ ಕಟ್ಟಿದ ಆವರಣದೊಳಗೆ, ಗಿಡ್ಡ ಕಾಲುಗಳ ಮೇಲೆ ನಿಂತ ಪುಟ್ಟ ವಿಮಾನ. ಬಾಲದ ಮೇಲೆ ಅದೇ ನಂಬರು. ನ್ಯಾಟ್ ಅಂತ ಅದರ ಹೆಸರು. ನಕ್ಷೆ ಬರೆದವರು ಇಂಗ್ಲೆಂಡಿನವರು, ತಗಡು ಬಗ್ಗಿಸಿ ಮೊಳೆ ಹೊಡೆದವರು ಬೆಂಗಳೂರಿನವರು ಎಂದು ದೇವರಾಜ್ ಹೇಳುತ್ತಿದ್ದರು. ಹಾರಿ ಹಾರಿ ಹಳತಾದ ಮೇಲೆ ಅದನ್ನು ಅಲ್ಲಿಯವರೇ ಯಾರೋ ಆಸೆಪಟ್ಟು ಕೊಂಡುಕೊಂಡು, ಉಜ್ಜಿ ತೊಳೆದು, ಮ್ಯೂಸಿಯಂನಲ್ಲಿ ಇಟ್ಟಿದ್ದಾರಂತೆ. ಸುಧಾಮಣಿ ಬೀರುವಿನ ಬಾಗಿಲು ಹಿಡಿದುಕೊಂಡೇ ಫೋಟೋ ನೋಡಿದಳು. ಸತ್ತರೆಂದುಕೊಂಡಿದ್ದ ನೆಂಟರು ದೂರದ ಊರಿನಲ್ಲಿ ಗಟ್ಟಿಮುಟ್ಟಾಗಿ ಇದ್ದಾರೆಂದು ಕೇಳಿದ ಹಾಗಾಯಿತು. ಇದನ್ನು ತೋರಿಸಬೇಕಾಗಿದ್ದವರು ಹೋಗಿ ಎರಡು ವರ್ಷವಾಗಿತ್ತು. ಬಳೆಯ ಕಥೆಯನ್ನು ಅವತ್ತೇ ಕೇಳಿಸಿಕೊಂಡ ಶ್ವೇತಾ, ಆ ಮ್ಯೂಸಿಯಂಗೆ ಹೋಗಿ ಸೀಟಿನ ಕೆಳಗೆ ಚೂರು ಸಿಕ್ಕಿತ್ತೇ ಎಂದು ವಿಚಾರಿಸುತ್ತೇನೆ ಎಂದು ಮಾತು ಕೊಟ್ಟು ಹೋಗಿದ್ದಳು.

ಕೋಣನಕುಂಟೆ ಕ್ರಾಸಿನಲ್ಲಿ ಇಳಿದು ಆಟೋ ಹಿಡಿದು ಅಂಕಮ್ಮನ ಮನೆ ತಲುಪುವಾಗ ತಾರಸಿಯ ಮೇಲೆ ಶಾಮಿಯಾನ ಹಾಕಿ ಆಗಿತ್ತು. ಅಂಕಮ್ಮ ಅವಳ ನಾದಿನಿ, ದೇವರಾಜರ ಒಬ್ಬಳೇ ತಂಗಿ. ಇವತ್ತು ಅವಳ ಕಿರಿಸೊಸೆ ಮೈತ್ರಿಗೆ ಏಳನೇ ತಿಂಗಳ ಬಳೆ ಶಾಸ್ತ್ರ. "ಬನ್ನಿ ಅತ್ತಿಗೆ, ಬಿಸಿಲಲ್ಲಿ ಬಂದಿದೀರಾ, ಇಲ್ಲಿ ಕೂತ್ಕೊಳಿ, ಫ್ಯಾನ್ ಗಾಳಿ ಚೆನ್ನಾಗ್ ಬರುತ್ತೆ," ಎಂದು ಅಂಕಮ್ಮ ಕೈ ಹಿಡಿದು ಮೂಲೆಯ ಕುರ್ಚಿಗೆ ಕರೆದುಕೊಂಡು ಹೋದಳು. ಎರಡು ವರ್ಷದಿಂದ ಯಾರ ಮನೆಗೆ ಹೋದರೂ ಸುಧಾಮಣಿಗೆ ಫ್ಯಾನಿನ ಕೆಳಗಿನ ಕುರ್ಚಿಯೇ ಸಿಗುತ್ತಿತ್ತು. ಅರಿಶಿನ ಕುಂಕುಮದ ತಟ್ಟೆ ಸುತ್ತಿ ಬರುವ ದಾರಿಯಿಂದ ಅದು ಯಾವಾಗಲೂ ಎರಡು ಮಾರು ದೂರ. ಕೆಟ್ಟ ಮಾತು ಆಡುವವರು ಯಾರೂ ಇರಲಿಲ್ಲ, ಎಲ್ಲರೂ ಗಾಳಿಯ ಬಗ್ಗೆಯೇ ಮಾತಾಡುತ್ತಿದ್ದರು. ಮೈತ್ರಿ ಹಸಿರು ಸೀರೆಯಲ್ಲಿ ಹಸೆಯ ಮೇಲೆ ಕೂತಿದ್ದಳು. ಮುಖದಲ್ಲಿ ಬೆವರು, ನಗು, ಸ್ವಲ್ಪ ನಿದ್ದೆ. ಮುಂದೆ ಬಳೆ ಮಾರುವ ಹೆಂಗಸು ಮಲಾರ ಬಿಚ್ಚಿ ಹಸಿರು ಗಾಜಿನ ಕಟ್ಟುಗಳನ್ನು ಜೋಡಿಸುತ್ತಿದ್ದಳು. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಸುಧಾಮಣಿಯ ಮಣಿಕಟ್ಟಿನಲ್ಲಿ ಏನೋ ಚುರುಕ್ ಎಂದಿತು.

ಅದೇ ಸದ್ದು, ಆದರೆ ಅಲ್ಲಿ, ದೇವರಾಜರ ವಿಮಾನ ಕಾರ್ಖಾನೆಯಲ್ಲಿ, ಸೂರು ಎತ್ತರ. ಆಯುಧಪೂಜೆಯ ದಿನ ಮನೆಯವರನ್ನೆಲ್ಲ ಒಳಗೆ ಬಿಡುತ್ತಿದ್ದರು. ವರ್ಷವೆಲ್ಲ ಗೇಟಿನ ಹತ್ತಿರವೂ ಸುಳಿಯಲು ಬಿಡದ ಕಾರ್ಖಾನೆ ಅವತ್ತು ಮದುವೆ ಛತ್ರದ ಹಾಗೆ. ಯಂತ್ರಗಳಿಗೆ ಬಾಳೆಕಂದು, ವಿಭೂತಿ, ಕಡ್ಲೆಪುರಿಯ ರಾಶಿ, ಒಡೆದ ಬೂದುಗುಂಬಳದ ತಿರುಳು ನೆಲದ ತುಂಬ. ಮದುವೆಯಾದ ವರ್ಷ ಅದು. ದೇವರಾಜ್ ಹೊಸ ಹೆಂಡತಿಯನ್ನು ಕಾರ್ಖಾನೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಬಂದಿದ್ದರು. ಸಾಲಿನ ಕೊನೆಯ ವಿಮಾನ ಅವರ ಕೈಯಲ್ಲಿ ತಯಾರಾಗುತ್ತಿದ್ದದ್ದು. ಮೂತಿಗೆ ಕುಂಕುಮ, ಸೇವಂತಿಗೆ ಹಾರ, ಮೂರು ಗಾಲಿಗಳ ಕೆಳಗೂ ನಿಂಬೆಹಣ್ಣು. ಇಷ್ಟು ಚಿಕ್ಕದು ಹಾರುತ್ತದೆಯೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. "ಬಾ, ಒಂದ್ಸಲ ಒಳಗೆ ಕೂತ್ಕೊಂಡ್ ನೋಡು, ಆಮೇಲೆ ಈ ಜನ್ಮದಲ್ಲಿ ಸಿಗಲ್ಲ," ಎಂದರು ಅವರು. ಏಣಿಯ ಮೇಲೆ ಕಾಲಿಟ್ಟಾಗ, "ಬಳೆ ತೆಗೆದು ನನ್ ಕೈಲಿ ಕೊಡು, ಒಳಗೆ ಜಾಗ ಇಕ್ಕಟ್ಟು," ಎಂದೂ ಹೇಳಿದರು. ಹೇಳಿದ್ದರು. ಅದನ್ನು ಅವಳು ಐವತ್ತು ವರ್ಷದಲ್ಲಿ ಒಂದು ದಿನವೂ ಮರೆತಿರಲಿಲ್ಲ. "ಹಬ್ಬದ ದಿನ ಯಾರಾದ್ರೂ ಬಳೆ ತೆಗೀತಾರೇನ್ರಿ? ಹೋಗ್ರಿ," ಎಂದು ನಕ್ಕು, ಎರಡೂ ಕೈ ತುಂಬ ಹಸಿರು ಬಳೆಗಳನ್ನು ತೊಟ್ಟುಕೊಂಡೇ ಆ ಇಕ್ಕಟ್ಟಿನೊಳಗೆ ಇಳಿದಿದ್ದಳು. ನಿಮ್ಮಮ್ಮನ ಅಡುಗೆಮನೆಗಿಂತ ಚಿಕ್ಕದು ಎಂದು ತಮಾಷೆ ಮಾಡಿದಳು. ಏಳುವಾಗ ಕೈ ಅಂಚಿಗೆ ಬಡಿಯಿತು.

ಅವರು ಮೊದಲು ನಕ್ಕರು, ಆಮೇಲೆ ನಗು ಅಲ್ಲೇ ನಿಂತಿತು. ಅವಳನ್ನು ಕೆಳಗಿಳಿಸಿ, ಸೀಟಿನ ಮೇಲೆ ಬಿದ್ದ ಚೂರುಗಳನ್ನೆಲ್ಲ ಕರ್ಚೀಫಿನಲ್ಲಿ ಆಯ್ದು, ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತರು. ಅವರ ಕೆಲಸದಲ್ಲಿ ಅದು ಪದ್ಧತಿ. ವಿಮಾನದೊಳಗೆ ಏನೇ ಒಡೆಯಲಿ, ಚೂರುಗಳನ್ನು ಕೂಡಿಸಿ ಪೂರ್ತಿ ವಸ್ತುವಾಗುವವರೆಗೆ ವಿಮಾನ ಅಲುಗಾಡುವಂತಿಲ್ಲ. ಒಳಗೆ ಉಳಿದ ಒಂದು ಕಾಳಿನಷ್ಟು ಗಾಜು ಹಾರುವಾಗ ವಿಮಾನ ತಿರುಗಿಸುವ ಯಾವುದೋ ಸರಳಿಗೆ ಅಡ್ಡ ಸಿಕ್ಕಿದರೆ ಪೈಲಟ್ಟಿನ ಜೀವ ಹೋಗುತ್ತದೆ. ಒಡೆದದ್ದು ಎರಡು ಬಳೆ. ಒಂದು ದುಂಡಗೆ ಪೂರ್ತಿಯಾಯಿತು. ಇನ್ನೊಂದರಲ್ಲಿ ಉಗುರಿನಷ್ಟು ಕಡಿಮೆ. ಅವರು ಎದ್ದು, ಪ್ಯಾಂಟಿನ ಮೊಣಕಾಲು ಒರೆಸಿಕೊಂಡು, ಸೂಪರ್‌ವೈಸರ್ ಮರುಳಸಿದ್ದಪ್ಪನವರ ಹತ್ತಿರ ತಾವಾಗಿಯೇ ಹೋಗಿ ಹೇಳಿದರು. ಸುಧಾಮಣಿಯನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು. ಕಡ್ಲೆಪುರಿ ತಿನ್ನುತ್ತಿದ್ದವರೆಲ್ಲ ಟಾರ್ಚು ಹಿಡಿದು ಬಂದರು. ಯಾರ ಹೆಂಡ್ತಿಯಂತೆ, ಯಾರಂತೆ, ಎಂದು ಹೆಂಗಸರು ಪಿಸುಗುಟ್ಟಿದ್ದು ಅವಳಿಗೆ ಕೇಳಿಸುತ್ತಿತ್ತು. ಅವಳ ಕೈಯಲ್ಲಿ ಉಳಿದ ಬಳೆಗಳು ಸದ್ದು ಮಾಡದಿರಲೆಂದು ಎರಡೂ ಕೈಯನ್ನು ತೊಡೆಯ ನಡುವೆ ಅದುಮಿಕೊಂಡು ಕೂತಿದ್ದಳು. ಸೀಟು ಕಿತ್ತರು, ತಗಡು ಬಿಚ್ಚಿದರು, ಹಬ್ಬ ಮುಗಿದ ಮೇಲೂ ಬಹಳ ದಿನ ಹುಡುಕಿದರು. ಸಿಗಲಿಲ್ಲ. ಕಡ್ಲೆಪುರಿ, ಕುಂಬಳದ ಜೊತೆ ಗುಡಿಸಿ ಹೋಗಿರಬೇಕೆಂದು ಕೊನೆಗೆ ಬರೆದು, ಎಲ್ಲ ಸರಳುಗಳನ್ನೂ ಅಲ್ಲಾಡಿಸಿ ನೋಡಿ, ವಿಮಾನವನ್ನು ಕಳಿಸಿಕೊಟ್ಟರು.

"ಎರಡು ನಾಲ್ಕು ಸೈಜು ಅಮ್ಮಂದು, ಕೈ ಎಷ್ಟು ಮೆತ್ತಗಿದೆ ನೋಡಿ," ಎಂದಳು ಬಳೆಯವಳು. ಯಾವಾಗ ಅವಳು ಫ್ಯಾನಿನ ಮೂಲೆಗೆ ಬಂದಳೋ, ಯಾವಾಗ ತನ್ನ ಕೈ ಹಿಡಿದಳೋ ಸುಧಾಮಣಿಗೆ ಗೊತ್ತಾಗಲಿಲ್ಲ. ಸಾಲಿನಲ್ಲಿ ಕೂತವರಿಗೆಲ್ಲ ತೊಡಿಸುತ್ತಾ ಬಂದವಳು ಇವಳನ್ನೂ ಸಾಲಿನವಳೆಂದೇ ತಿಳಿದಿದ್ದಳು. ಹೆಬ್ಬೆರಳನ್ನು ಒಳಗೆ ಮಡಿಸಿ, ಗಿಣ್ಣುಗಳನ್ನು ಒಟ್ಟಿಗೆ ಅದುಮಿ, ಒಂದು ಹಸಿರು ಬಳೆಯನ್ನು ಅರ್ಧ ಏರಿಸಿದ್ದಳು. ಸುಧಾಮಣಿ ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಗಾಜು ಗಿಣ್ಣಿನ ಮೇಲೆ ತಣ್ಣಗೆ ಕೂತಿತ್ತು. "ಏಯ್, ಅವ್ರಿಗೆ ಬೇಡಮ್ಮ," ಎಂದಿತು ಅಂಕಮ್ಮನ ದನಿ, ಮೆಲ್ಲಗೆ. ಎಲ್ಲರೂ ತಿರುಗಿ ನೋಡುವುದಕ್ಕೆ ಅಷ್ಟು ಮೆಲ್ಲಗಿನ ದನಿಯೇ ಸಾಕಾಯಿತು. ಏರುವಾಗ ನೋಯದ ಬಳೆ ಇಳಿಯುವಾಗ ನೋಯಿಸಿತು. "ತಪ್ಪಾಯ್ತಮ್ಮ, ನೋಡ್ಲಿಲ್ಲ," ಎಂದಳು ಬಳೆಯವಳು, ಬರಿದಾದ ಹಣೆಯನ್ನು ಈಗ ನೋಡುತ್ತಾ. "ಪರವಾಗಿಲ್ಲ ಬಿಡಮ್ಮ," ಎಂದಳು ಸುಧಾಮಣಿ. ದೇವರಾಜ್ ಹೋದ ಹನ್ನೊಂದನೇ ದಿನ ಇದೇ ಅಂಕಮ್ಮ ಅಳುತ್ತಾ ಅಳುತ್ತಾ ಸುಧಾಮಣಿಯ ಕೈಯಿಂದ ಬಳೆಗಳನ್ನು ತೆಗೆದಿದ್ದಳು. ಈಗ ಯಾರು ಇದನ್ನೆಲ್ಲ ಮಾಡ್ತಾರೆ ಎಂದು ಯಾರೋ ಹೇಳುತ್ತಿದ್ದರು. ಹೇಳಿದವರು ಎದ್ದು ಬಂದು ತಡೆಯಲಿಲ್ಲ, ಅಂಕಮ್ಮನೂ ನಿಲ್ಲಿಸಲಿಲ್ಲ. ಎಲ್ಲ ತೆಗೆದೆವು ಅಂದುಕೊಂಡಿರಾ, ಒಂದು ಉಳಿದಿದೆ, ನಿಮ್ಮ ಕೈಗೆ ಸಿಗದ ಕಡೆ ಉಳಿದಿದೆ ಎಂದು ಈ ತಾರಸಿಯ ಮೇಲೆ ನಿಂತು ಕೂಗಿದರೆ ಹೇಗಿರುತ್ತದೆ ಎಂದು ಯೋಚಿಸಿ, ಅವಳು ಸೆರಗಿನಲ್ಲಿ ಗಿಣ್ಣು ಒರೆಸಿಕೊಂಡಳು. ಆ ಚೂರು ಅಲ್ಲಿ ಇರಲಿ ಎಂದು ಆಸೆಪಡುವುದು ಪಾಪ. ಇತ್ತು ಎಂದರೆ ಅಷ್ಟು ವರ್ಷ ಯಾರ ಯಾರ ಮಕ್ಕಳೋ ಅದರ ಮೇಲೆ ಕೂತು ಹಾರಿದ್ದಾರೆ. ಗೊತ್ತಿದ್ದೂ ಆಸೆ ಹಾಗೇ ಇತ್ತು.

ದೇವರಾಜ್ ಒಂದೇ ಒಂದು ಸಲ ಬೈದಿದ್ದರೆ ಸಾಕಿತ್ತು. ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಬೈಯುತ್ತಾರೆ ಎಂದು ಕಾದಳು. ಅವರು ಕಿಟಕಿ ಪಕ್ಕ ಮತ್ತೆ ಅವಳನ್ನೇ ಕೂರಿಸಿದರು. ಕಾರ್ಖಾನೆಯವರು ಅವರನ್ನು ವಿಮಾನ ಜೋಡಿಸುವ ಕೆಲಸದಿಂದ ತೆಗೆದು ಸಾಮಾನಿನ ಕೋಣೆಗೆ ಹಾಕಿದರು, ಜೊತೆಯವರೆಲ್ಲ ಮೇಲೆ ಹೋದರು, ಇವರು ಸ್ಪ್ಯಾನರು ಕೊಡುವುದು, ತೆಗೆದುಕೊಳ್ಳುವುದು ಮಾಡಿಕೊಂಡೇ ರಿಟೈರಾದರು. ಆಗಲೂ ಬೈಯಲಿಲ್ಲ. ಆ ಕೋಣೆಯಲ್ಲಿ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಹಲಗೆಯ ಮೇಲೆ ಪೇಂಟಿನಲ್ಲಿ ಬರೆದಿರುತ್ತಾರಂತೆ, ಯಾವುದು ವಾಪಸು ಬಂದಿಲ್ಲವೆಂದು ಕಣ್ಣಿಗೆ ಹೊಡೆಯಲಿ ಎಂದು. ಮನೆಗೂ ಅದೇ ಅಭ್ಯಾಸ ತಂದರು. ಅಡುಗೆಮನೆಯ ಗೋಡೆಯ ಮೇಲೆ ಸೌಟು, ಇಕ್ಕಳ, ಜಾಲರಿ, ಲಟ್ಟಣಿಗೆ, ಎಲ್ಲದರ ಗೆರೆ ಎಳೆದರು. ನೆಂಟರು ನಗುತ್ತಿದ್ದರು. ಇವತ್ತಿಗೂ ಎಲ್ಲ ಸಾಮಾನೂ ತನ್ನ ಗೆರೆಯೊಳಗೆ ತೂಗುತ್ತದೆ, ಗೆರೆ ಎಳೆದವರ ಆಕಾರವನ್ನು ಮಾತ್ರ ಯಾರೂ ಎಲ್ಲೂ ಬರೆದಿಡಲಿಲ್ಲ. ಎಲ್ಲೋ ಒಂದು ನ್ಯಾಟ್ ಬಿತ್ತು ಎಂದು ಪೇಪರಿನಲ್ಲಿ ಬಂದ ದಿನ ಅವಳು ಕಾಫಿ ಲೋಟ ಹಿಡಿದು ಅವರ ಮುಂದೆ ನಿಲ್ಲುತ್ತಿದ್ದಳು. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಅವರೂ ತಲೆ ಎತ್ತದೆ, "ನಮ್ದಲ್ಲ," ಎನ್ನುತ್ತಿದ್ದರು. ಅಷ್ಟೇ. ಮತ್ತೊಂದು ವರ್ಷ ಮತ್ತೊಂದು ಪೇಪರು, "ನಮ್ದಲ್ಲ." ಕೊನೆಗೆ ಒಂದು ಸಂಜೆ ಮೈಸೂರುಪಾಕು ತಂದು, "ನಮ್ದು ಹಾರೋದು ನಿಲ್ಲಿಸಿದ್ರಂತೆ, ಇನ್ನು ನಿದ್ದೆ ಮಾಡು," ಎಂದರು. ತಾನು ನಿದ್ದೆ ಮಾಡುತ್ತಿಲ್ಲವೆಂದು ಅವರಿಗೆ ಗೊತ್ತಿತ್ತು ಎಂಬುದು ಅವಳಿಗೆ ಗೊತ್ತಾದದ್ದೇ ಆಗ. ಕೆಣಕಿದರೆ ಬೈಯಬಹುದೆಂದು ಸಾರಿಗೆ ಉಪ್ಪು ಜಾಸ್ತಿ ಹಾಕಿದ ದಿನಗಳಿದ್ದವು. ಅವರು ನೀರು ಕುಡಿದುಕೊಂಡು ಊಟ ಮುಗಿಸುತ್ತಿದ್ದರು. ಆಸ್ಪತ್ರೆಯಲ್ಲಿ ಕೊನೆಯ ವಾರ ಅವರ ಬೆರಳು ಹಾಸಿಗೆಯ ಹೊದಿಕೆಯ ಮೇಲೆ ಏನನ್ನೋ ತಡಕುತ್ತಿತ್ತು. "ಏನ್ ಹುಡುಕ್ತಿದೀರ್ರೀ?" ಎಂದು ಬಗ್ಗಿ ಕೇಳಿದಳು. "ಏನಿಲ್ಲ," ಎಂದರು. ಬೈಯದೇ ಹೋದರು. ಬೈಯುವ ಹಕ್ಕಿದ್ದ ಮನುಷ್ಯ ಅವರೊಬ್ಬರೇ ಆಗಿದ್ದರು.

ಊಟದ ಎಲೆ ಎತ್ತುವಾಗ ಫೋನು ಬಂತು. ಸುಧಾಮಣಿ ಚೀಲವನ್ನು ಎದೆಗೆ ಅವುಚಿಕೊಂಡು, ತಾರಸಿಯ ಹಿಂಭಾಗಕ್ಕೆ, ನೀರಿನ ಟ್ಯಾಂಕಿನ ಮರೆಗೆ ಹೋದಳು. ಪರದೆಯಲ್ಲಿ ಶ್ವೇತಾಳ ಮೂಗು ಕೆಂಪಗಾಗಿತ್ತು. "ಅಜ್ಜಿ, ಕಾಣಾಕತ್ತೈತೇನ್ರಿ? ಇದ ನೋಡ್ರಿ ನಿಮ್ಮ ಗಾಡಿ." ಫೋನು ತಿರುಗಿತು. ಹಾರವಿಲ್ಲ, ಕುಂಕುಮವಿಲ್ಲ, ಗಾಲಿಯ ಕೆಳಗೆ ನಿಂಬೆಹಣ್ಣಿನ ಬದಲು ಮರದ ತುಂಡು. ಆದರೆ ಅದೇ ಮೂತಿ, ಅದೇ ಗಿಡ್ಡ ಕಾಲು. ಮುದಿಯಾಗಿಲ್ಲ, ಅದರ ಮೈಮೇಲಿಂದ ಯಾರೂ ಏನನ್ನೂ ತೆಗೆಸಿಲ್ಲ ಎಂದುಕೊಂಡಳು. ಪಕ್ಕದಲ್ಲಿ ನೀಲಿ ಕೋಟಿನ ಒಬ್ಬ ಮುದುಕ ನಿಂತಿದ್ದ. ಹರೆಯದಲ್ಲಿ ಇಂಥ ವಿಮಾನಗಳನ್ನೇ ರಿಪೇರಿ ಮಾಡುತ್ತಿದ್ದವರಂತೆ, ಈಗ ಸಂಬಳವಿಲ್ಲದೆ ಬಂದು ಇದನ್ನು ನೋಡಿಕೊಳ್ಳುತ್ತಾರಂತೆ, ಇದನ್ನು ಬಿಚ್ಚಿ ತೊಳೆದವರೂ ಇವರೇ ಅಂತೆ. "ಸೀಟಿನ ಕೆಳಗ ಸಿಕ್ಕಿದ್ದನ್ನೆಲ್ಲಾ ಎತ್ತಿಟ್ಟಾರ್ರಿ. ಡಬ್ಬಿ ತಂದಾರ." ಬಿಸ್ಕತ್ತಿನ ಡಬ್ಬಿ ತೆರೆಯಿತು. ಒಂದು ವಾಷರು, ಮುರಿದ ಪೆನ್ಸಿಲು, ಒಂದು ಗುಂಡಿ. ಮುದುಕನ ದಪ್ಪ ಬೆರಳು ಅವುಗಳನ್ನು ಸರಿಸಿತು. ಅಡಿಯಲ್ಲಿ ಹಸಿರು ಮಿಂಚಿತು.

ಟವಲಿನ ಗಂಟು ಸುಧಾಮಣಿಯ ಬೆರಳಿಗೆ ಬಿಚ್ಚಿಕೊಳ್ಳಲಿಲ್ಲ. ಹಲ್ಲಿನಿಂದ ಎಳೆದಳು. ತಗಡನ್ನು ಫೋನಿನ ಎದುರು ಹಿಡಿದಳು. ಆ ಕಡೆ ಮುದುಕ ಕನ್ನಡಕ ಏರಿಸಿ, ತಗಡಿನ ದುಂಡನ್ನು ನೋಡಿ, ಖಾಲಿ ಜಾಗ ನೋಡಿ, ಚೂರನ್ನು ಎರಡು ಬೆರಳಲ್ಲಿ ಎತ್ತಿ ಪರದೆಯ ಹತ್ತಿರ ತಂದ. ಅದೇ ಬಾಗು. ಅದೇ ಉಗುರಿನಷ್ಟು. ರೆಕ್ಕೆ ತುದಿಯ ಹಸಿರು ದೀಪದ ಗಾಜು ಎಂದು ಇಷ್ಟು ವರ್ಷ ತಿಳಿದಿದ್ದರಂತೆ ಎಂದಳು ಶ್ವೇತಾ. "ನಮ್ದು," ಎಂದಳು ಸುಧಾಮಣಿ. "ನಮ್ದು ಅಂತ ಹೇಳಮ್ಮ. ಬಳೆ ಅಂತ ಹೇಳು. ಹೇಗೆ ಒಡೀತು ಅಂತಾನೂ ಹೇಳು, ನಮ್ಮನೆಯವ್ರು ತೆಗೆದಿಡು ಅಂದ್ರೂ ನಾನು ತೆಗೀಲಿಲ್ಲ ಅಂತ, ಎಲ್ಲಾ ಹೇಳು." ಶ್ವೇತಾ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಮುದುಕನ ಮುಖದ ನಗು ಇಂಚಿಂಚೇ ಇಳಿಯಿತು. ಅವನು ಚೂರನ್ನು ನೋಡಿದ, ತಿರುಗಿ ಸೀಟನ್ನು ನೋಡಿದ. ಆಮೇಲೆ ತೋರುಬೆರಳೆತ್ತಿ, ಪರದೆಯ ಒಳಗಿನಿಂದ ನೇರ ಸುಧಾಮಣಿಯ ಕಡೆಗೇ ಏನೇನೋ ಅಂದ. ಗಟ್ಟಿಯಾಗಿ, ಒಂದೇ ಉಸಿರಿಗೆ. ಕೊನೆಗೆ ತಲೆ ಕೊಡವಿದ.

ಶ್ವೇತಾ ತಾನೂ ಪರದೆಯೊಳಗೆ ಬಂದಳು.

"ಏನಂದ್ರು?"

"ಏನಿಲ್ರಿ ಅಜ್ಜಿ. ಚೂರು ಕೊಡ್ತಾರಂತ್ರಿ. ನಾ ಬರ್ತಾ ತರ್ತೀನಿ."

"ಅದಲ್ಲ. ಈಗ ಅಂದ್ರಲ್ಲ, ಅದು."

"ಬಿಡ್ರಿ, ವಯಸ್ಸಾದವರು..."

"ಶ್ವೇತಾ, ಹೇಳು."

ಹುಡುಗಿ ಒಮ್ಮೆ ಹಿಂದೆ ನೋಡಿದಳು. "ವಿಮಾನ ತಿರುಗಸೋ ಕೋಲಿನ ಸರಳಿನ ಹತ್ರಾನ ಸಿಕ್ಕೊಂಡಿತ್ತಂತ್ರಿ ಅದು. ಸ್ವಲ್ಪ ಆಕಡೆ ಸರದಿದ್ರ ಕುಂತವನ ಗತಿ ಏನಾಗ್ಬೇಕಿತ್ತು ಅಂತಾರ್ರಿ. ಅಂವನೂ ಒಬ್ಬ ತಾಯಿ ಮಗಾ ಅಲ್ಲೇನು ಅಂತ. ತಗದಿಡು ಅಂತ ಅಷ್ಟು ಹೇಳಿದಾಗ, ಎರಡು ಬಳಿ ತಗದಿಟ್ಟು ಕುಂದ್ರಾಕ ಏನ್ ಧಾಡಿ ಆಗಿತ್ತು ಅಂತ ಕೇಳಾಕತ್ತಾರ." ಅವಳ ದನಿ ಸಣ್ಣದಾಯಿತು. "ಸಿಟ್ಟು ಮಾಡ್ಕೋಬ್ಯಾಡ್ರಿ ಅಜ್ಜಿ."

ಸುಧಾಮಣಿ ಟ್ಯಾಂಕಿಗೆ ಒರಗಿದಳು. ಶಾಮಿಯಾನದ ಕಡೆಯಿಂದ ಮೈತ್ರಿಯ ಬಳೆಗಳ ಸದ್ದು, ಅಂಕಮ್ಮ ಯಾರನ್ನೋ ಕಾಫಿಗೆ ಕರೆಯುವ ದನಿ. ಬಸ್ಸಿನ ಕಿಟಕಿ ಪಕ್ಕ ಕೂತು ತಾನು ಕಾದಿದ್ದು ಇದೇ ಮಾತಿಗೆ, ಹೆಚ್ಚುಕಮ್ಮಿ ಇದೇ ಮಾತಿಗೆ. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿದ್ದರೂ ಅವಳು ಒರೆಸಿಕೊಳ್ಳಲಿಲ್ಲ. ಪರದೆಯಲ್ಲಿ ಮುದುಕ ಗಾಬರಿಯಾಗಿ, ಬೆರಳು ಇಳಿಸಿ, ಶ್ವೇತಾಳನ್ನು ಏನೋ ಕೇಳುತ್ತಿದ್ದ.

"ಸಾರಿ ಅಂತಾರ್ರಿ ಅಜ್ಜಿ. ಅಳಬ್ಯಾಡ್ರಿ."

"ಸಾರಿ ಬೇಡ ಅನ್ನು," ಎಂದಳು ಸುಧಾಮಣಿ. "ಇನ್ನೊಂದ್ಸಲ ಬೈಯೋಕೆ ಹೇಳು. ನಿಧಾನವಾಗಿ."

ಹಾಗೆಂದು ಫೋನನ್ನು ಕಣ್ಣಿನ ಮುಂದಿನಿಂದ ತೆಗೆದು, ಸೆರಗು ಸರಿಸಿ, ಕಿವಿಗೆ ಒತ್ತಿ ಹಿಡಿದುಕೊಂಡಳು.